ಕರ್ತನ ದಿನವೂ ನಮ್ಮ ಮನೆಯ ವಾರವೂ

ಮೊದಲು ಓದತಕ್ಕ ಭಾಗ: ವಿಮೋಚನಕಾಂಡ ೧೬ನೆಯ ಅಧ್ಯಾಯ, ೨೨ರಿಂದ ೩೦ರ ವರೆಗೆ.



ಮೇಲೆ ಹೇಳಿದ ಭಾಗದಲ್ಲಿ ಇಸ್ರಾಯೇಲ್ ಜನರು ಅರಣ್ಯದಲ್ಲಿ ಮನ್ನವನ್ನು ಕೂಡಿಸಿಕೊಳ್ಳುವ ಸಂಗತಿ ಬರೆದದೆ. ಐದು ದಿವಸ ಅವರು ಆಯಾ ದಿವಸಕ್ಕೆ ಬೇಕಾದಷ್ಟನ್ನೇ ಕೂಡಿಸಿದರು. ಆರನೆಯ ದಿವಸ ಎರಡರಷ್ಟು ಕೂಡಿಸಿದರು. ಅದು ಮರುದಿವಸಕ್ಕೂ ಕೆಡದೆ ಉಳಿಯಿತು. ಹೀಗಿದ್ದರೂ ಕೆಲವರು ಏಳನೆಯ ದಿವಸವೂ ಪಾತ್ರೆಯನ್ನು ಹಿಡಿದು ಹೊರಗೆ ಹೊರಟರು. ಅವರಿಗೆ ಏನೂ ಸಿಕ್ಕಲಿಲ್ಲ. ನಾವು ಇದನ್ನು ಓದುವಾಗ ಆ ಕೆಲವರನ್ನು ಮೂಢರೆಂದು ಬೇಗನೆ ತೀರ್ಪುಮಾಡುತ್ತೇವೆ. ಆದರೆ ಅವರು ಕಳ್ಳರೂ ಅಲ್ಲ, ಕುಡುಕರೂ ಅಲ್ಲ. ನಾಳೆ ಮಕ್ಕಳ ಹೊಟ್ಟೆಗೆ ಏನು ಎಂಬ ಚಿಂತೆಯಿಂದಲೇ ಹೊರಟವರಾಗಿರಬಹುದು. ಆದದರಿಂದ ಅವರು ನಮ್ಮಂಥವರೇ ಎಂದು ತಿಳಿದು ಈ ಭಾಗವನ್ನು ಧ್ಯಾನಿಸೋಣ.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ನಮ್ಮ ಸಭೆಯವರ ವಾರವು ಹೇಗೆ ನಡೆಯುತ್ತದೆಂದು ನಿಮಗೆ ನಾವು ಹೇಳಬೇಕಾದ ಅಗತ್ಯವಿಲ್ಲ. ಹನೂರಿನ ಕಡೆಯಲ್ಲಿ ಮಳೆಯನ್ನೇ ನಂಬಿದ ಹೊಲ. ಯಳಂದೂರಿನ ಸುವರ್ಣಾವತಿಯ ಬಯಲಿನಲ್ಲಿ ಗದ್ದೆಯ ಕೊಯ್ಲು. ಕೊಳ್ಳೇಗಾಲದ ಸುತ್ತಿನಲ್ಲಿ ಹಿಪ್ಪುನೇರಳೆಯ ಸೊಪ್ಪೂ ರೇಷ್ಮೆಯ ಹುಳುವೂ. ಬೆಳಗಾದರೆ ಮಕ್ಕಳನ್ನು ಶಾಲೆಗೆ ಕಳುಹಿಸಬೇಕು. ಹತ್ತನೆಯ ತರಗತಿಯ ಮಗುವಿದ್ದರೆ ಸಂಜೆಯ ವಿಶೇಷ ಪಾಠಕ್ಕೂ ಕಳುಹಿಸಬೇಕು. ಡಿಸೆಂಬರ್ ಬಂತೆಂದರೆ ರಾಗಿಯ ಒಕ್ಕಣೆ, ಗೀತೆಗಳ ಅಭ್ಯಾಸ, ಮಕ್ಕಳ ನಾಟಕ, ಮನೆಗೆ ಸುಣ್ಣ, ಬಾಗಿಲಿಗೆ ನಕ್ಷತ್ರದ ದೀಪ, ಹೊಸ ಬಟ್ಟೆ, ಕಜ್ಜಾಯ, ಚಕ್ಕುಲಿ, ಇವೆಲ್ಲವೂ ಒಂದೇ ವಾರದೊಳಗೆ ಬಂದು ಕೂಡುತ್ತವೆ. ಇವುಗಳಲ್ಲಿ ಯಾವದೂ ಕೆಟ್ಟದ್ದಲ್ಲ. ಒಳ್ಳೆಯ ಕೆಲಸಗಳೇ ಕೂಡಿ ಒಂದು ಮನೆಯನ್ನು ಹೇಗೆ ಬರಿದುಮಾಡಬಲ್ಲವೆಂಬದನ್ನು ಕಳೆದ ಕ್ರಿಸ್ಮಸಿನಲ್ಲಿ ನಾವು ಕಣ್ಣಾರೆ ಕಂಡೆವು. ಆ ಮನೆಯವರ ಅಪ್ಪಣೆಯನ್ನು ಪಡೆದು, ಹೆಸರನ್ನೂ ಊರನ್ನೂ ಬಿಟ್ಟು, ಅದನ್ನು ಇಲ್ಲಿ ಬರೆಯುತ್ತೇವೆ.

ಅದು ಹುಳು ಸಾಕುವ ಮನೆ. ತಂದೆ, ತಾಯಿ, ಅಜ್ಜಿ, ಮೂವರು ಮಕ್ಕಳು. ಹಿರಿಯ ಮಗಳು ಹತ್ತನೆಯ ತರಗತಿಯಲ್ಲಿ ಓದುವವಳು. ೨೦೨೫ರ ಡಿಸೆಂಬರ್ ೨೫ ಗುರುವಾರವಾಗಿತ್ತಷ್ಟೆ. ಅದರ ಹಿಂದಿನ ಭಾನುವಾರ ಇವರ ಹುಳುಗಳು ನಾಲ್ಕನೆಯ ಜ್ವರವನ್ನು ಎದ್ದು ನಾಲ್ಕೈದು ದಿವಸಗಳಾಗಿದ್ದವು. ಹುಳುವು ತನ್ನ ಆಯುಸ್ಸಿನಲ್ಲೆಲ್ಲಾ ತಿನ್ನುವ ಸೊಪ್ಪಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲನ್ನು ಈ ಕಡೆಯ ವಾರದಲ್ಲಿಯೇ ತಿನ್ನುತ್ತದೆಂಬದು ನಿಮಗೆ ಗೊತ್ತು. ಹೀಗಿರಲಾಗಿ ಆ ಭಾನುವಾರ ತಂದೆತಾಯಿಗಳಿಬ್ಬರೂ ಆರಾಧನೆಗೆ ಬರಲಿಲ್ಲ. ಸೋಮವಾರ ಸಾಯಂಕಾಲ ಮಗಳು ವಿಶೇಷ ಪಾಠವನ್ನು ಮುಗಿಸಿಕೊಂಡು ಬಂದು ಪುಸ್ತಕವನ್ನು ತೆರೆದು ಕೂತಳು. ಸೊಪ್ಪಿನ ಹೊರೆಯನ್ನು ಇಳಿಸುವದಕ್ಕೆ ಕೈ ಸಾಲದೆ ಇದ್ದ ತಂದೆಯು ಸಿಟ್ಟಿನಿಂದ ಆ ಪುಸ್ತಕವನ್ನು ಕಿತ್ತು ಅಂಗಳಕ್ಕೆ ಎಸೆದು, ಓದಿ ಯಾರನ್ನು ಉದ್ಧಾರ ಮಾಡುತ್ತೀ ಎಂದು ಅಂದುಬಿಟ್ಟನು. ಅವಳು ಮಾತಾಡದೆ ಎದ್ದು ಸೊಪ್ಪನ್ನು ಹೊತ್ತಳು. ಆ ರಾತ್ರಿ ಊಟ ಮಾಡಲಿಲ್ಲ. ಮಂಗಳವಾರ ರಾತ್ರಿಯೂ ಮಾಡಲಿಲ್ಲ, ಬುಧವಾರವೂ ಮಾಡಲಿಲ್ಲ. ಶಾಲೆಯ ಮಧ್ಯಾಹ್ನದ ಊಟವೊಂದೇ ಅವಳಿಗೆ ಆಧಾರವಾಯಿತು.

ಪ್ರಿಯರೇ, ಇದರಲ್ಲಿ ನಮ್ಮನ್ನು ಹೆದರಿಸುವ ಸಂಗತಿ ಯಾವದಂದರೆ, ತಂದೆಯ ಸಿಟ್ಟಲ್ಲ. ಸಿಟ್ಟು ಎಲ್ಲಾ ಮನೆಗಳಲ್ಲಿಯೂ ಉಂಟು. ಒಂದು ಮಗು ತನ್ನ ಮನೆಯಲ್ಲಿಯೇ ಮೂರು ರಾತ್ರಿ ಹಸಿದು ಮಲಗಿದರೂ ಹೆತ್ತವರಿಗೆ ತಿಳಿಯಲಿಲ್ಲವೆಂಬದೇ ಹೆದರಿಸುವ ಸಂಗತಿ. ತಿಳಿಯಲಿಲ್ಲ ಯಾಕೆ? ತಾಯಿಯು ಹುಳುಮನೆಯಿಂದ ಬಂದಾಗ ಒಂದು ಹೊತ್ತು, ತಂದೆಯು ತೋಟದಿಂದ ಬಂದಾಗ ಮತ್ತೊಂದು ಹೊತ್ತು, ಹುಡುಗನು ನಾಟಕದ ಅಭ್ಯಾಸದಿಂದ ಬಂದಾಗ ಇನ್ನೊಂದು ಹೊತ್ತು, ಹೀಗೆ ಒಬ್ಬೊಬ್ಬರು ಒಂದೊಂದು ವೇಳೆಯಲ್ಲಿ ಮುದ್ದೆಯನ್ನು ಬಡಿಸಿಕೊಂಡು ತಿಂದರು. ಮಗಳು ಆಗಲೇ ಉಂಡಿರಬಹುದೆಂದು ಪ್ರತಿಯೊಬ್ಬರೂ ನೆನಸಿದರು. ಆ ಮನೆಯಲ್ಲಿ ಮೊದಲು ಪ್ರತಿಸಾಯಂಕಾಲ ಕುಟುಂಬಪ್ರಾರ್ಥನೆ ಇತ್ತು. ಹುಳು ಎದ್ದ ದಿವಸದಿಂದ ಅದು ನಿಂತುಹೋಗಿತ್ತು. ಪ್ರಾರ್ಥನೆಗೆ ಎಲ್ಲರೂ ಒಂದು ದೀಪದ ಮುಂದೆ ಕೂತಿದ್ದರೆ ಆ ಮಗುವಿನ ಮುಖವನ್ನು ಮೊದಲನೆಯ ರಾತ್ರಿಯೇ ಯಾರಾದರೂ ನೋಡುತ್ತಿದ್ದರು.

ಬುಧವಾರ ರಾತ್ರಿ ಗೀತೆಗಳನ್ನು ಹಾಡುತ್ತಾ ನಾವು ಸಭೆಯ ಯುವಕರೊಂದಿಗೆ ಆ ಮನೆಗೆ ಬಂದಾಗ ಹನ್ನೊಂದು ಗಂಟೆ ಕಳೆದಿತ್ತು. ಅಜ್ಜಿಯೊಬ್ಬಳೇ ಬಾಗಿಲಿಗೆ ಬಂದು ಮೆಲ್ಲಗೆ, “ಅಪ್ಪಾ, ಕೂಸು ಮೂರು ದಿನದಿಂದ ರಾತ್ರಿ ಉಂಡಿಲ್ಲ, ನೀವಾದರೂ ಒಂದು ಮಾತು ಹೇಳಿ” ಅಂದಳು. ಇನ್ನೂ ಹಲವು ಮನೆಗಳು ಉಳಿದಿದ್ದವು. ಪ್ರಾರ್ಥನೆ ಮಾಡುತ್ತೇವೆಂದು ಹೇಳಿ, ಒಂದು ಗೀತೆಯನ್ನು ಹಾಡಿ, ಮುಂದಿನ ಮನೆಗೆ ನಡೆದುಬಿಟ್ಟೆವು. ಆ ಹುಡುಗಿ ಪ್ರತಿವರುಷ ಗಾಯನದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವವಳು. ಆ ವಾರ ಅಭ್ಯಾಸಕ್ಕೆ ಬಾರದಿದ್ದಾಗ ನಾವು ಪಟ್ಟಿಯಲ್ಲಿ ಗೈರುಹಾಜರಿಯನ್ನು ಗುರುತುಮಾಡಿದೆವೇ ಹೊರತು ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ಅವಳ ತಮ್ಮನನ್ನು ನಾಟಕಕ್ಕೆಂದು ಪ್ರತಿರಾತ್ರಿ ಹತ್ತು ಗಂಟೆಯ ವರೆಗೆ ಹಿಡಿದಿಟ್ಟವರೂ ನಾವೇ. ಆದದರಿಂದ ಈ ಉಪದೇಶವನ್ನು ನಾವು ಮೊದಲು ನಮಗೇ ಹೇಳಿಕೊಳ್ಳುತ್ತೇವೆ. ಆ ತಂದೆಯ ಹಾಗೆ ನಾವೂ ಏಳನೆಯ ದಿವಸ ಪಾತ್ರೆ ಹಿಡಿದು ಹೊರಟವರೇ. ಅವನ ಪಾತ್ರೆಯಲ್ಲಿ ಸೊಪ್ಪು, ನಮ್ಮ ಪಾತ್ರೆಯಲ್ಲಿ ಕಾರ್ಯಕ್ರಮ.

ಹಬ್ಬದ ದಿವಸ ಹುಳು ಹಣ್ಣಾಗಿ, ಮನೆಯವರೆಲ್ಲರೂ ಚಂದ್ರಿಕೆಗೆ ಬಿಡುವ ಕೆಲಸದಲ್ಲಿದ್ದರು. ಅಜ್ಜಿಯೂ ಹುಡುಗನೂ ಮಾತ್ರ ಆರಾಧನೆಗೆ ಬಂದರು. ಭಾನುವಾರ ಇಪ್ಪತ್ತೆಂಟರ ಸಾಯಂಕಾಲ ನಾವು ಆ ಮನೆಗೆ ಹೋದೆವು. ಹುಳುಗಳು ಗೂಡು ಕಟ್ಟಿ ಮುಗಿಸಿದ್ದವು, ಮಂಗಳವಾರ ಬಿಡಿಸಬೇಕಾಗಿತ್ತು. ತಂದೆಯು ಸಂತೋಷದಿಂದ ಚಂದ್ರಿಕೆಗಳನ್ನು ತೋರಿಸಿದನು. ಬೆಳೆ ಇಷ್ಟು ಚೆನ್ನಾಗಿ ಬಂದದ್ದು ಹೇಗೆಂದು ಕೇಳಿದಾಗ ಅವನು ಹೇಳಿದ್ದೇನಂದರೆ, “ಉಪದೇಶಿಗಳೇ, ಎಲ್ಲಾ ಜ್ವರದಲ್ಲಿದೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಮುಟ್ಟಬಾರದು. ಸುಣ್ಣದ ಪುಡಿ ಚೆಲ್ಲಿ ಸುಮ್ಮನಿರಬೇಕು. ಎಲ್ಲವೂ ಒಟ್ಟಿಗೆ ಏಳುವ ತನಕ ಕಾಯಬೇಕು. ಆಗ ಆತುರಪಟ್ಟವನ ಬೆಳೆ ಹಾಳು.”

ನಾವು, “ಅಣ್ಣಾ, ಹುಳುವಿಗೆ ಒಂದು ತಿಂಗಳಲ್ಲಿ ನಾಲ್ಕು ಸಲ ಬಿಡುವು ಕೊಡುತ್ತೀರಿ. ನಿಮ್ಮ ಮಗಳಿಗೆ ಎಷ್ಟು ಸಲ ಕೊಟ್ಟಿರಿ?” ಎಂದು ಕೇಳಿದೆವು. ಆ ವರೆಗೆ ಅಜ್ಜಿಯು ನಮಗೆ ಹೇಳಿದ್ದನ್ನು ಅವನಿಗೆ ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ತಾನೇ ತಟ್ಟೆಗೆ ಬಡಿಸಿ ತಂದು ಮಗಳ ಮುಂದೆ ಇಟ್ಟು, “ತಪ್ಪಾಯಿತು ಕಣವ್ವಾ” ಅಂದನು. ಅವಳು ಕೂಡಲೇ ಉಣ್ಣಲಿಲ್ಲ. ತಾಯಿ ಬಂದು ಪಕ್ಕದಲ್ಲಿ ಕೂತ ಮೇಲೆ ಉಂಡಳು. ಆ ರಾತ್ರಿ ಹನ್ನೊಂದು ಹನ್ನೆರಡು ದಿವಸಗಳ ತರುವಾಯ ಆ ಮನೆಯಲ್ಲಿ ಆರು ಮಂದಿಯೂ ಒಟ್ಟಿಗೆ ಕೂತು ಪ್ರಾರ್ಥನೆ ಮಾಡಿದರು.

ಈ ಸಂಗತಿಯಿಂದ ನಾವು ಕಲಿಯತಕ್ಕವುಗಳು ಮೂರು.

ಮೊದಲನೆಯದು, ವಿಶ್ರಾಂತಿಯು ನಷ್ಟವಲ್ಲ. ಹುಳುವು ಜ್ವರದಲ್ಲಿ ಸುಮ್ಮನೆ ತಲೆಯೆತ್ತಿ ಕೂತಿರುವಾಗ ನೋಡುವವನಿಗೆ ಕೆಲಸ ನಿಂತ ಹಾಗೆ ಕಾಣುತ್ತದೆ. ಆದರೆ ಆಗಲೇ ಅದು ಹಳೆಯ ಚರ್ಮವನ್ನು ಕಳಚಿ ಬೆಳೆಯುವದಕ್ಕೆ ಸ್ಥಳವನ್ನು ಮಾಡಿಕೊಳ್ಳುತ್ತದೆ. ಜ್ವರವಿಲ್ಲದೆ ತಿನ್ನುತ್ತಲೇ ಇರುವ ಹುಳುವೆಂಬದು ಇಲ್ಲ. ಇದ್ದರೂ ಅದು ಗೂಡು ಕಟ್ಟಲಾರದು. ಸೃಷ್ಟಿಕರ್ತನು ಒಂದು ಹುಳುವಿನ ಆಯುಸ್ಸಿನಲ್ಲಿ ಈ ಬಿಡುವನ್ನು ಇಟ್ಟಿರುವಲ್ಲಿ, ತನ್ನ ಸ್ವರೂಪದಲ್ಲಿ ಉಂಟುಮಾಡಿದ ಮನುಷ್ಯನ ವಾರದಲ್ಲಿ ಒಂದು ದಿವಸವನ್ನು ಇಟ್ಟದ್ದು ಆಶ್ಚರ್ಯವೋ?

ಈ ಏಳು ದಿವಸಗಳ ಕ್ರಮವನ್ನು ಮನುಷ್ಯರು ಬದಲಾಯಿಸಲಾರರು. ನಮ್ಮ ಸೀಮೆಯನ್ನೇ ನೋಡಿರಿ. ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟಿತು. ಕೊಳ್ಳೇಗಾಲವು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಕೊಳ್ಳೇಗಾಲಕ್ಕೆ ಸೇರಿದ್ದ ಹನೂರು ತರುವಾಯ ತಾನೇ ಒಂದು ತಾಲ್ಲೂಕಾಯಿತು. ಎಲ್ಲೆಗಳೂ ಕಚೇರಿಗಳೂ ಬದಲಾದವು. ಭಾನುವಾರವು ಇದ್ದಲ್ಲಿಯೇ ಇದೆ. ದೂರದೇಶಗಳಲ್ಲಿ ಅದನ್ನು ತೆಗೆದುಹಾಕುವದಕ್ಕೆ ಪ್ರಯತ್ನಿಸಿದವರೂ ಉಂಟು. ಫ್ರಾನ್ಸ್ ದೇಶದವರು ೧೭೯೩ರಲ್ಲಿ ಹತ್ತು ದಿವಸಗಳ ವಾರವನ್ನು ಮಾಡಿದರು. ೧೮೦೬ರ ಹೊಸವರುಷಕ್ಕೆ ಆ ಪಂಚಾಂಗವೇ ರದ್ದಾಯಿತು. ಸೋವಿಯೆತ್ ರಷ್ಯದವರು ೧೯೨೯ರಲ್ಲಿ ಐದು ದಿವಸಗಳ ವಾರವನ್ನು ಮಾಡಿ, ಯಂತ್ರಗಳು ಎಂದೂ ನಿಲ್ಲಬಾರದೆಂದು ಕೆಲಸಗಾರರನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ದಿವಸ ರಜೆಯನ್ನು ಕೊಟ್ಟರು. ಗಂಡನಿಗೆ ಬಿಡುವಿದ್ದ ದಿವಸ ಹೆಂಡತಿಗೆ ಕೆಲಸ, ಹೆಂಡತಿಗೆ ಬಿಡುವಿದ್ದ ದಿವಸ ಮಕ್ಕಳಿಗೆ ಶಾಲೆ. ಜನರು ಅದನ್ನು ತಾಳಲಾರದೆ ಹೋದರು. ೧೯೪೦ರಲ್ಲಿ ಏಳು ದಿವಸಗಳ ವಾರವೇ ತಿರಿಗಿ ಬಂತು. ದಣಿದವನಿಗೆ ಬಿಡುವೊಂದೇ ಸಾಲದು, ಮನೆಯವರೆಲ್ಲರಿಗೂ ಒಂದೇ ದಿವಸ ಬಿಡುವು ಬೇಕೆಂದು ಇದರಿಂದ ತಿಳಿಯುತ್ತದೆ. ಯಾವ ಸರಕಾರದ ಅಪ್ಪಣೆಯೂ ಇಲ್ಲದೆ ಆ ರಷ್ಯದ ವಾರವನ್ನೇ ನಾವು ನಮ್ಮ ಮನೆಗಳಲ್ಲಿ ಮಾಡಿಕೊಳ್ಳುತ್ತಿಲ್ಲವೋ?

ಎರಡನೆಯದು, ವಿಶ್ರಾಂತಿಗೆ ಹಿಂದಿನ ದಿವಸವೇ ಸಿದ್ಧತೆ ಬೇಕು. ದೇವರು ಏಳನೆಯ ದಿವಸವನ್ನು ಬರಿದಾಗಿ ಬಿಡಲಿಲ್ಲ. ಆರನೆಯ ದಿವಸ ಎರಡರಷ್ಟು ಕೊಟ್ಟನು. ಅದನ್ನು ಕೂಡಿಸುವ ಕೆಲಸ ಜನರದು. ಶನಿವಾರ ನಮ್ಮ ಮಕ್ಕಳಿಗೆ ಬೆಳಗಿನ ಶಾಲೆ ಮಾತ್ರ; ಮಧ್ಯಾಹ್ನದ ಮೇಲೆ ಮನೆಯಲ್ಲಿಯೇ ಇರುತ್ತಾರೆ. ಆಗ ಎಲ್ಲರೂ ಕೂಡಿ ಸೊಪ್ಪನ್ನು ಕೊಯ್ದು ಒದ್ದೆಯ ಗೋಣಿಯನ್ನು ಹೊದಿಸಿ ಇಟ್ಟರೆ ಭಾನುವಾರ ಬೆಳಗಿನ ಸೊಪ್ಪಿಗೆ ಓಡಬೇಕಾಗಿಲ್ಲ. ಸೌದೆ, ನೀರು, ಬಟ್ಟೆ, ಮಕ್ಕಳ ಮನೆಪಾಠ, ಇವುಗಳನ್ನು ಶನಿವಾರವೇ ಮುಗಿಸಬಹುದು.

ಹುಳುವಿಗೆ ಭಾನುವಾರವೂ ಸೊಪ್ಪು ಬೇಕಲ್ಲಾ ಎಂದು ಕೆಲವರು ಕೇಳುತ್ತಾರೆ. ನಿಜವೇ, ಬೇಕು. ಸಬ್ಬತ್ ದಿನದಲ್ಲಿಯೂ ಎತ್ತು ಕತ್ತೆಗಳನ್ನು ಬಿಚ್ಚಿ ನೀರಿಗೆ ಹಿಡಿದುಕೊಂಡು ಹೋಗುವವರನ್ನು ಕರ್ತನು ಗದರಿಸಲಿಲ್ಲ. ಲೂಕನು ಬರೆದ ಸುವಾರ್ತೆಯ ೧೩ನೆಯ ಅಧ್ಯಾಯದಲ್ಲಿ ಆ ಮಾತನ್ನೇ ಹಿಡಿದು, ಹದಿನೆಂಟು ವರುಷ ಬಗ್ಗಿಹೋಗಿದ್ದ ಒಬ್ಬ ಸ್ತ್ರೀಯನ್ನು ಬಿಡಿಸುವದು ಅದಕ್ಕಿಂತ ಎಷ್ಟೋ ಯುಕ್ತವೆಂದು ತೋರಿಸಿದನು. ಆದದರಿಂದ ಹುಳುವಿಗೆ ಸೊಪ್ಪು ಹಾಕಿರಿ, ಹಸುವಿಗೆ ನೀರು ಕುಡಿಸಿರಿ, ಅದು ದೋಷವಲ್ಲ. ಆದರೆ ಹೊರೆಯ ಕೆಳಗೆ ಬಗ್ಗಿಹೋದ ತಾಯಿಯನ್ನೂ ಮಗಳನ್ನೂ ಆ ದಿವಸ ಬಿಚ್ಚಿಬಿಡಿರಿ. ಹುಳುಮನೆಯನ್ನು ನೋಡಿಕೊಳ್ಳುವದಕ್ಕೆ ಯಾವಾಗಲೂ ತಾಯಿಯೇ ಉಳಿಯಬಾರದು; ಒಂದು ವಾರ ತಂದೆ ಉಳಿಯಲಿ, ಒಂದು ವಾರ ನೆರೆಯ ವಿಶ್ವಾಸಿಯು ಬಂದು ಸಹಾಯ ಮಾಡಲಿ. ನಮ್ಮ ನೆರೆಯ ಹಿಂದೂ ಬಾಂಧವರು ಶಿವರಾತ್ರಿಗೆ ಅಂಗಡಿಯನ್ನೂ ಹೊಲವನ್ನೂ ಬಿಟ್ಟು, ಹನೂರು ಕೌದಳ್ಳಿಗಳ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟದ ವರೆಗೆ ಗುಂಪುಗುಂಪಾಗಿ ನಡೆದುಹೋಗುವದನ್ನು ನಾವು ಪ್ರತಿವರುಷ ನೋಡುತ್ತೇವೆ. ಒಬ್ಬನು ಹೋದರೆ ಮತ್ತೊಬ್ಬನು ಅವನ ದನಗಳನ್ನು ನೋಡಿಕೊಳ್ಳುತ್ತಾನೆ. ಅವರ ಭಕ್ತಿಯ ವಿಷಯದಲ್ಲಿ ನಾವು ಹಗುರವಾಗಿ ಮಾತಾಡುವದು ಬೇಡ; ನಮಗೆ ಒಂದು ಹೊತ್ತಿನ ಆರಾಧನೆಗೆ ಬಿಡುವಿಲ್ಲವೆಂದು ಹೇಳುವ ಮೊದಲು ಅದನ್ನು ನೆನಸಿಕೊಂಡರೆ ಸಾಕು.

ಮೂರನೆಯದು, ದೇವರ ಸನ್ನಿಧಿಯಲ್ಲಿ ಕೂತಾಗಲೇ ನಾವು ಒಬ್ಬರ ಮುಖವನ್ನೊಬ್ಬರು ನೋಡುತ್ತೇವೆ. ಭಾನುವಾರದ ಆರಾಧನೆಯು ವಾರಕ್ಕೆ ಹೇಗೋ ಸಾಯಂಕಾಲದ ಕುಟುಂಬಪ್ರಾರ್ಥನೆಯು ದಿವಸಕ್ಕೆ ಹಾಗೆಯೇ. ಇಂಗ್ಲೆಂಡಿನ ಎಪ್ವರ್ತ್ ಎಂಬ ಊರಿನ ಸಭಾಪಾಲಕರ ಪತ್ನಿ ಸುಸನ್ನಾ ವೆಸ್ಲಿಯಮ್ಮನವರ ಸಂಗತಿಯನ್ನು ಕೇಳಿರಿ. ಆಕೆ ಹತ್ತೊಂಬತ್ತು ಮಕ್ಕಳನ್ನು ಹೆತ್ತಳು. ಬೆಳೆದು ಉಳಿದವರು ಹತ್ತು ಮಂದಿ. ಮನೆಯಲ್ಲಿ ಸಾಲವಿತ್ತು, ೧೭೦೯ರಲ್ಲಿ ಮನೆಯೇ ಬೆಂಕಿಗೆ ಸುಟ್ಟುಹೋಯಿತು. ಮಕ್ಕಳಿಗೆ ಮನೆಯಲ್ಲಿಯೇ ತಾನೇ ಪಾಠವನ್ನು ಹೇಳುತ್ತಿದ್ದಳು. ಇಷ್ಟು ಕೆಲಸಗಳ ಮಧ್ಯದಲ್ಲಿ ಆಕೆ ಒಂದೊಂದು ಸಾಯಂಕಾಲ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ಕರೆದು ಕೂರಿಸಿಕೊಂಡು ಅದರ ಮನಸ್ಸಿನ ಸಂಗತಿಗಳನ್ನು ವಿಚಾರಿಸುತ್ತಿದ್ದಳೆಂದು ೧೭೧೨ರಲ್ಲಿ ಪತಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ಗುರುವಾರ ಜಾನನ ಸರದಿ, ಶನಿವಾರ ಚಾರ್ಲ್ಸನ ಸರದಿ. ಭಾನುವಾರ ಇಬ್ಬರು ಹೆಣ್ಣುಮಕ್ಕಳ ಸರದಿ. ಆ ಜಾನನೇ ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯು. ಅವನು ದೊಡ್ಡವನಾಗಿ ವಿದ್ವಾಂಸನಾದ ಮೇಲೂ, ಆ ಗುರುವಾರದ ಸ್ವಲ್ಪ ಹೊತ್ತನ್ನು ತನಗಾಗಿ ಇನ್ನೂ ಇಟ್ಟುಕೊಳ್ಳಬೇಕೆಂದು ತಾಯಿಗೆ ಪತ್ರ ಬರೆದು ಬೇಡಿಕೊಂಡನು. ಹತ್ತು ಮಕ್ಕಳ ತಾಯಿಗೆ ಸಿಕ್ಕಿದ ವೇಳೆಯು ಎರಡು ಮೂರು ಮಕ್ಕಳ ತಂದೆತಾಯಿಗಳಾದ ನಮಗೆ ಸಿಕ್ಕದೇ?

ಹಬ್ಬದ ಆಚಾರಗಳ ವಿಷಯದಲ್ಲಿಯೂ ಒಂದು ಮಾತು. ನಕ್ಷತ್ರದ ದೀಪವನ್ನು ಕಟ್ಟುವದೂ, ಕಜ್ಜಾಯವನ್ನು ನೆರೆಮನೆಗಳಿಗೆ ಹಂಚುವದೂ, ಮನೆಮನೆಗೆ ಹೋಗಿ ಹಾಡುವದೂ ನಮ್ಮ ಹಿರಿಯರಿಂದ ಬಂದ ಸಂತೋಷಗಳು. ಇವುಗಳನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಆದರೆ ಬಡ್ಡಿಗೆ ಸಾಲ ತಂದು ಕೊಂಡ ಬಟ್ಟೆಯು ಹಬ್ಬವಲ್ಲ. ಮಕ್ಕಳು ತಂದೆಯ ಪಕ್ಕದಲ್ಲಿ ಕೂತು ಕಾಗದವನ್ನು ಕತ್ತರಿಸಿ ಅಂಟಿಸಿದ ನಕ್ಷತ್ರವು ಅಂಗಡಿಯ ನಕ್ಷತ್ರಕ್ಕಿಂತ ಮಂಕಾಗಿದ್ದರೂ, ಆ ಒಂದು ಸಾಯಂಕಾಲವನ್ನು ಮಕ್ಕಳು ಮುದುಕರಾಗುವ ವರೆಗೆ ಮರೆಯರು. ಬೆತ್ಲೆಹೇಮಿನ ಆ ರಾತ್ರಿಯಲ್ಲಿ ಕುರುಬರು ಸಹ ತಮ್ಮ ಕುರಿಗಳ ಕಾವಲಿನ ಕೆಲಸದಲ್ಲಿಯೇ ಇದ್ದರು. ಸುದ್ದಿಯನ್ನು ಕೇಳಿದಾಗ ಎದ್ದು ಹೋದರು, ಕಂಡರು, ತಿರಿಗಿ ತಮ್ಮ ಕೆಲಸಕ್ಕೆ ಬಂದರು. ಕೆಲಸವುಳ್ಳವರಿಗೆ ಸುವಾರ್ತೆಯು ಮೊದಲು ಬಂತೆಂಬದು ನಮಗೆ ಧೈರ್ಯ. ಅವರು ಎದ್ದು ಹೋದರೆಂಬದು ನಮಗೆ ಬುದ್ಧಿ.

ಇನ್ನು ನಮ್ಮ ಕಡೆಯಿಂದ ನಾವು ಮಾಡತಕ್ಕದ್ದನ್ನೂ ಹೇಳುತ್ತೇವೆ. ಮುಂದಿನ ಕ್ರಿಸ್ಮಸಿಗೆ ಮಕ್ಕಳ ಅಭ್ಯಾಸವನ್ನು ರಾತ್ರಿ ಎಂಟು ಗಂಟೆಯೊಳಗೆ ಮುಗಿಸುವೆವು. ಹತ್ತನೆಯ ತರಗತಿಯ ಮಕ್ಕಳನ್ನು ವಾರಕ್ಕೆ ಒಂದೇ ಸಲ ಕರೆಯುವೆವು. ಹುಳುವೋ ಕೊಯ್ಲೋ ಇರುವ ಮನೆಗಳವರಿಗಾಗಿ ಹಬ್ಬದ ದಿವಸ ಸಾಯಂಕಾಲವೂ ಒಂದು ಚಿಕ್ಕ ಆರಾಧನೆಯನ್ನು ನಡಿಸುವೆವು. ಹಾಡುವದಕ್ಕೆ ಹೋದ ಮನೆಯಲ್ಲಿ ಯಾರಾದರೂ ದುಃಖವನ್ನು ಹೇಳಿಕೊಂಡರೆ, ಉಳಿದ ಮನೆಗಳು ಮರುದಿವಸಕ್ಕೆ ನಿಂತರೂ ಸರಿ, ಅಲ್ಲಿ ಕೂತುಕೊಳ್ಳುವೆವು.

ನೀವು ಮಾಡತಕ್ಕದ್ದು ಇಷ್ಟೇ. ದಿವಸಕ್ಕೆ ಹತ್ತು ನಿಮಿಷ, ಒಂದೇ ವೇಳೆಯಲ್ಲಿ, ಮನೆಯವರೆಲ್ಲರೂ. ಓದಬಲ್ಲ ಮಗುವು ಸತ್ಯವೇದದಿಂದ ಒಂದು ಭಾಗವನ್ನು ಓದಲಿ; ಹಿರಿಯರು ಪ್ರತಿಯೊಬ್ಬರ ಹೆಸರನ್ನೂ ಹೇಳಿ ಪ್ರಾರ್ಥಿಸಲಿ. ಹೆಸರನ್ನು ಹೇಳುವಾಗ ಆ ಮುಖವನ್ನು ಒಂದು ಸಾರಿ ನೋಡಿರಿ. ಮುಖ ಬಾಡಿದ್ದರೆ ಪ್ರಾರ್ಥನೆ ಮುಗಿದ ಮೇಲೆ ಯಾಕೆಂದು ಕೇಳಿರಿ. ಮತ್ತು ಭಾನುವಾರ ಕೂಡಿಬನ್ನಿರಿ.

ಪ್ರಾರ್ಥಿಸೋಣ. ಪರಲೋಕದಲ್ಲಿರುವ ತಂದೆಯೇ, ನಮ್ಮ ಹೊಲವನ್ನೂ ಹುಳುವನ್ನೂ ಆಶೀರ್ವದಿಸಿದ್ದಕ್ಕಾಗಿ ನಿನಗೆ ಸ್ತೋತ್ರ. ಅವುಗಳ ಹಸಿವನ್ನು ಕೇಳುವ ನಮ್ಮ ಕಿವಿಗೆ ನಮ್ಮ ಮಕ್ಕಳ ಹಸಿವೂ ಕೇಳುವಂತೆ ಮಾಡು. ನೀನು ನಮಗೆ ಕೊಟ್ಟ ದಿವಸವನ್ನು ನಾವು ಹೊರೆಯೆಂದು ನೆನಸದೆ ವರವೆಂದು ತೆಗೆದುಕೊಳ್ಳುವ ಮನಸ್ಸನ್ನು ದಯಪಾಲಿಸು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.